ಹೊಸ ಮದರ್‌ಬೋರ್ಡ್, ಹಳೇ ಕ್ಯಾಬಿನೆಟ್

ನಮ್ಮ ಮನೆ ಕಂಪ್ಯೂಟರನ್ನು 2020ರಲ್ಲಿ ನಾನೇ ಜೋಡಿಸಿದ್ದೆ. ಹೋದ ತಿಂಗಳು ಅದರ ಒಂದು ರ‍್ಯಾಮ್ ಸ್ಲಾಟ್ ಕೈಕೊಟ್ಟಿತು. ಇನ್ನೊಂದು ಹಳೇ ಕಿರಿಕಿರಿಯೂ ಇತ್ತು. ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರೋ ಮುಖ್ಯ ಬೋರ್ಡು, ಮೈಕ್ರೋ ಎಟಿಎಕ್ಸ್ ಅನ್ನೋ ಚಿಕ್ಕ ಸೈಜಿನದು, 244 ಮಿ.ಮೀ. ಚೌಕ. ದಪ್ಪ ಗ್ರಾಫಿಕ್ಸ್ ಕಾರ್ಡ್ ಕೂತ ಮೇಲೆ ಪಕ್ಕದ ಚಿಕ್ಕ ಸ್ಲಾಟ್ ಅದರಡಿ ಮುಚ್ಚಿಹೋಗಿತ್ತು. ವೈಫೈ ಕಾರ್ಡ್ ಹಾಕೋಣ ಅಂದರೆ ಜಾಗವೇ ಇಲ್ಲ.

ಶನಿವಾರ ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿ ಎಸ್.ಪಿ. ರೋಡ್‌ಗೆ ನಡೆದೆ. ಅದಕ್ಕಿಂತ ದೊಡ್ಡದಾದ ಪೂರ್ತಿ ಎಟಿಎಕ್ಸ್ ಸೈಜಿನ, ಬಿ550 ಚಿಪ್‌ಸೆಟ್ಟಿನ ಬೋರ್ಡು, ಒಂದು ವೈಫೈ ಕಾರ್ಡು ತಗೊಂಡೆ. ಅಂಗಡಿಯವರು ಬಿಲ್ ಬರೆಯೋ ಮೊದಲೇ, "ಪ್ರೊಸೆಸರ್ ಯಾವ್ದು ಸಾರ್?" ಅಂದರು. ರೈಜನ್ 5 3600 ಅಂದೆ. "ಹಂಗಾದ್ರೆ ಸರಿ. 2600 ಆಗಿದ್ರೆ ಬೇಡ ಅಂತಿದ್ದೆ." ಎರಡಕ್ಕೂ ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರೋ ಜಾಗ, ಎಎಂ4 ಒಂದೇ. ಆದರೂ 2600ಗೆ ಬಿ550ಯಲ್ಲಿ ಸಪೋರ್ಟ್ ಇಲ್ಲ.

ಬಿಚ್ಚೋ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿದೆ. ಪ್ರೊಸೆಸರ್‌ಗೂ ಅದನ್ನು ತಣ್ಣಗಿಡೋ ಕೂಲರ್‌ಗೂ ನಡುವೆ ಹಚ್ಚಿರೋ ಪೇಸ್ಟ್ ಬಿಸಿಯಾಗಿ ಮೆತ್ತಗಾಗಲಿ ಅಂತ. ಎಎಂ4 ಪ್ರೊಸೆಸರ್‌ನ ಹೊಟ್ಟೆಯಡಿ 1331 ಪಿನ್ ಇರುತ್ತವೆ. ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎತ್ತುವಾಗ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತುಬಂದು ಪಿನ್ ಬಾಗಬಹುದು. ಆಮೇಲೆ ಕರೆಂಟ್ ತೆಗೆದು, ನಾಲ್ಕು ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಎತ್ತಿದೆ. ಸ್ಕ್ರೂಗಳು ಅಮ್ಮನ ಹಳೇ ಒಗ್ಗರಣೆ ಡಬ್ಬಿಗೆ ಹೋದವು. ಏಳು ಬಟ್ಟಲು, ಒಂದೊಂದರಲ್ಲಿ ಒಂದೊಂದು ಥರದ್ದು. ಇವತ್ತಿಗೂ ಆ ಸ್ಕ್ರೂಗಳು ಸಾಸಿವೆ ವಾಸನೆ ಹೊಡೆಯುತ್ತವೆ.

ಹೊಸ ಬೋರ್ಡ್ ಕೂರಿಸಿ, 24 ಪಿನ್ನಿನದ್ದು, ಪ್ರೊಸೆಸರ್‌ನ 8 ಪಿನ್ನಿನದ್ದು ಅಂತ ಕರೆಂಟಿನ ವೈರೆಲ್ಲ ಚುಚ್ಚಿ ಬಟನ್ ಒತ್ತಿದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದೆ. ಮತ್ತೆ ಅರ್ಧ ಸುತ್ತು. ಎದೆ ಧಸಕ್ ಅಂತು. ಕರೆಂಟ್ ಕೊಡೋ ಎಸ್‌ಎಂಪಿಎಸ್ ಹೋಯ್ತಾ, ಬೋರ್ಡೇ ಸತ್ತಿದ್ದಾ? ಒಳಗಿಂದ ಅಮ್ಮ, "ಊಟಕ್ಕೆ ಬರ್ತೀಯೋ, ಅದರೊಳಗೇ ಕೂತಿರ್ತೀಯೋ?"

ಊಟ ಮುಗಿಸಿ ಬಂದು ಬೋರ್ಡ್ ಪೂರ್ತಿ ಹೊರಗೆ ತೆಗೆದೆ. ಅದು ಬಂದ ರಟ್ಟಿನ ಡಬ್ಬದ ಮೇಲೇ ಇಟ್ಟು, ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟೇ ಜೋಡಿಸಿದೆ. ಪವರ್ ಬಟನ್‌ನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದೆ. ಫ್ಯಾನ್ ಗಿರ್ರನೆ ತಿರುಗಿತು, ನಿಲ್ಲಲಿಲ್ಲ. ಬೋರ್ಡಿನ ಮೇಲೆ ವಿಜಿಎ ಅನ್ನೋ ಪುಟ್ಟ ಲೈಟ್ ಹತ್ತಿಕೊಂಡಿತು, ಗ್ರಾಫಿಕ್ಸ್ ಸಿಗುತ್ತಿಲ್ಲ ಅಂತ. ಅದು ಸರಿನೇ, 3600ರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇನ್ನೂ ಹಾಕಿರಲಿಲ್ಲ.

ಅಂದರೆ ತಪ್ಪು ಕ್ಯಾಬಿನೆಟ್‌ನಲ್ಲಿ. ಟಾರ್ಚ್ ಹಿಡಿದು ನೋಡಿದೆ. ಬೋರ್ಡನ್ನು ತಗಡಿನಿಂದ ಮೇಲೆತ್ತಿ ನಿಲ್ಲಿಸೋ ಹಿತ್ತಾಳೆಯ ಗಿಡ್ಡ ಕಾಲುಗಳಿರುತ್ತವಲ್ಲ, ಹಳೇ ಬೋರ್ಡಿನ ಕೆಳಸಾಲಿನದ್ದೊಂದು ಅಲ್ಲೇ ಉಳಿದಿತ್ತು. ಎಟಿಎಕ್ಸ್ ಬೋರ್ಡಿಗೆ ಆ ಜಾಗದಲ್ಲಿ ತೂತಿಲ್ಲ. ಕಾಲು ಬೋರ್ಡಿನ ಬೆನ್ನಿಗೆ ಒತ್ತಿಕೊಂಡು ಶಾರ್ಟ್ ಮಾಡುತ್ತಿತ್ತು. ಎಸ್‌ಎಂಪಿಎಸ್ ತಾನೇ ಆಫ್ ಆಗುತ್ತಿದ್ದದ್ದು ಅದಕ್ಕೇ. ಬೋರ್ಡ್ ಸುಡದೆ ಉಳಿದದ್ದು ನನ್ನ ಪುಣ್ಯ. ಇಕ್ಕಳದಲ್ಲಿ ಹಿಡಿದು ಆ ಕಾಲು ಬಿಚ್ಚಿದೆ, ಹೊಸ ಸಾಲಿಗೆ ತಿರುಪಿದೆ. ಈ ಸಲ ಬೋರ್ಡಿನ ತೂತು, ಕ್ಯಾಬಿನೆಟ್‌ನ ಕಾಲು ಎರಡನ್ನೂ ಬೆರಳಿಟ್ಟು ಎಣಿಸಿದೆ.

ವೈಫೈ ಕಾರ್ಡ್ ಹಾಕೋದು ಎರಡು ನಿಮಿಷದ ಕೆಲಸ. ವೈಫೈ ತಕ್ಷಣ ಬಂತು, ಬ್ಲೂಟೂತ್ ಮಾತ್ರ ನಾಪತ್ತೆ. ಒಂದು ಗಂಟೆ ಡ್ರೈವರ್ ಹಾಕಿ ತೆಗೆದು ಮಾಡಿದ ಮೇಲೆ ವೈಫೈ ಕಾರ್ಡ್ ಬಂದ ಡಬ್ಬದ ಮೂಲೆಯಲ್ಲಿ ತೆಳ್ಳಗಿನ ವೈರೊಂದು ಕಣ್ಣಿಗೆ ಬಿತ್ತು. ಕಾರ್ಡ್ ಕೂತ ಸ್ಲಾಟ್‌ನಿಂದ ವೈಫೈ ಮಾತ್ರ ಓಡುತ್ತೆ. ಬ್ಲೂಟೂತ್ ಯುಎಸ್‌ಬಿ ಮೂಲಕ ಓಡುತ್ತೆ, ಅದಕ್ಕೆ ಈ ವೈರನ್ನು ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ ಜಾಗಕ್ಕೆ ಚುಚ್ಚಬೇಕು. ಚುಚ್ಚಿದೆ, ಮಗಳ ಹೆಡ್‌ಫೋನ್ ಹಿಡಿದುಕೊಂಡಿತು.

ಒಗ್ಗರಣೆ ಡಬ್ಬಿಯಲ್ಲಿ ಮೂರು ಸ್ಕ್ರೂ ಉಳಿದಿವೆ. ಎಲ್ಲಿಯವು ಅಂತ ಇನ್ನೂ ಗೊತ್ತಾಗಿಲ್ಲ.