ಮಲೆನಾಡಿನ ಮಳೆಯಲ್ಲಿ ಹನ್ನೆರಡಂಗುಲದ ರೆಕಾರ್ಡುಗಳು

ಹೌಸ್, ಟೆಕ್ನೋ ಮತ್ತು ಎಲೆಕ್ಟ್ರೋ ಎಂಬ, ಯಂತ್ರಗಳಿಂದ ನುಡಿಸುವ ಕುಣಿತದ ಸಂಗೀತದ ರೆಕಾರ್ಡುಗಳನ್ನು ತೀರ್ಥಹಳ್ಳಿಯ ಕಡೆಯ ಒಂದು ತೋಟದ ಮನೆಯಲ್ಲಿ ಕುಳಿತು ಸಂಗ್ರಹಿಸುವವನಿಗೆ ಮುಖ್ಯವಾಗಿ ಎರಡು ಕೆಲಸಗಳಿರುತ್ತವೆ. ದೂರದಲ್ಲಿರುವ ರೆಕಾರ್ಡನ್ನು, ಅಂದರೆ ತಟ್ಟೆಯನ್ನು, ಕಣ್ಣಾರೆ ನೋಡದೆಯೇ ಸರಿಯಾಗಿ ಆರಿಸಿ ತರಿಸಿಕೊಳ್ಳುವುದು ಮೊದಲನೆಯದು. ತರಿಸಿಕೊಂಡದ್ದನ್ನು ಮೃಗಶಿರಾ ಮಳೆಯಿಂದ ಹಸ್ತ ಮಳೆ ಮುಗಿಯುವ ತನಕ ಬೂಷ್ಟು ಹಿಡಿಯದಂತೆ ಕಾಯುವುದು ಎರಡನೆಯದು. ಇವೆರಡನ್ನೂ ನಾನು ಹೇಗೆ ಮಾಡುತ್ತಾ ಬಂದಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಎಲ್ಲ ಸಂಗೀತವೂ ಫೋನಿನಲ್ಲಿ ಸಿಗುವಾಗ ತಟ್ಟೆಯ ಹಂಗೇಕೆ ಎಂದು ಹಲವರು ಕೇಳುತ್ತಾರೆ. ಸಂಗೀತ ಕಛೇರಿಯ ರೆಕಾರ್ಡಿನಲ್ಲಿ ಗಾಯಕರು ಬೇರೆಲ್ಲೋ ಹಾಡಿದ್ದರ ಅಚ್ಚು ಇರುತ್ತದೆ. ಅಮೆರಿಕದ ಶಿಕಾಗೋ ಮತ್ತು ಡೆಟ್ರಾಯಿಟ್ ನಗರಗಳ ಈ ಸಂಗೀತವಾದರೋ ತಟ್ಟೆಗಾಗಿಯೇ ಹುಟ್ಟಿದ್ದು. ಶಿಕಾಗೋದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಡಿಜೆ ಫ್ರ್ಯಾಂಕಿ ನಕಲ್ಸ್ 1977ರಿಂದ ಎರಡು ಟರ್ನ್‌ಟೇಬಲ್‌ಗಳ (ತಟ್ಟೆ ತಿರುಗಿಸುವ ಯಂತ್ರಗಳ) ನಡುವೆ ಒಂದು ಹಾಡನ್ನು ಇನ್ನೊಂದರೊಳಗೆ ಬೆಸೆಯುತ್ತಿದ್ದರು. ಹೌಸ್ ಎಂಬ ಹೆಸರು ಬಂದದ್ದು ಆ ಕ್ಲಬ್ಬಿನಿಂದಲೇ ಎನ್ನುತ್ತಾರೆ. ಮುಂದೆ ಅದೇ ಊರಿನ ಹುಡುಗರು ರೋಲಂಡ್ ಕಂಪನಿಯ ಡ್ರಮ್ ಯಂತ್ರಗಳನ್ನಿಟ್ಟುಕೊಂಡು ಸ್ವಂತ ರೆಕಾರ್ಡು ಮಾಡಲು ಹೊರಟಾಗ, ಬೆಸೆಯುವವರ ಅನುಕೂಲಕ್ಕೆಂದೇ ಮೊದಲಿಗೂ ಕೊನೆಗೂ ಬರಿಯ ತಾಳವನ್ನು ಬಿಟ್ಟರು. ಜೊತೆಗೆ ಇನ್ನೊಂದು ತಟ್ಟೆ ಇಲ್ಲದಿದ್ದರೆ ಆ ಭಾಗಗಳು ಉದ್ದವೆನಿಸುತ್ತವೆ. ಇದ್ದರೆ ಅವೇ ಅತ್ಯಂತ ಸೊಗಸಿನ ಭಾಗಗಳು.

ಹನ್ನೆರಡಂಗುಲದ ತಟ್ಟೆಯ ಒಂದು ಬದಿಗೆ ಒಂದೇ ಹಾಡನ್ನು ಕೊರೆಯುವುದಕ್ಕೂ ಕಾರಣವಿದೆ. ಬೇಸ್, ಅಂದರೆ ಕೆಳಸ್ಥಾಯಿಯ ಧ್ವನಿ, ಗಟ್ಟಿಯಾದಷ್ಟೂ ಗೆರೆ ಅಗಲವಾಗಿ ಓಲಾಡುತ್ತದೆ, ಹೀಗಾಗಿ ಹೆಚ್ಚು ಜಾಗ ಬೇಡುತ್ತದೆ. ನಿಮಿಷಕ್ಕೆ 45 ಸುತ್ತು ತಿರುಗುವ ತಟ್ಟೆಯ ಹೊರಗಿನ ಗೆರೆಯಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 68 ಸೆಂಟಿಮೀಟರ್ ಗೆರೆ ಹಾದುಹೋದರೆ, 33⅓ ಸುತ್ತಿನ ತಟ್ಟೆಯಲ್ಲಿ ಅದು ಸುಮಾರು 51ಕ್ಕೆ ಇಳಿಯುತ್ತದೆ, ಒಳಗಿನ ಗೆರೆಗಳಿಗೆ ಬರುವಷ್ಟರಲ್ಲಿ ಇನ್ನೂ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹೈ-ಹ್ಯಾಟ್ ಎಂಬ ಜೋಡಿ ತಾಳದ ಸಣ್ಣ ಸದ್ದು ಮೊದಲು ಮಸುಕಾಗುವುದು ಅಲ್ಲಿಯೇ. ಈ ಲೆಕ್ಕವನ್ನೇ ಕಲೆಯಾಗಿಸಿದವರು ಡೆಟ್ರಾಯಿಟ್‌ನ ಜೆಫ್ ಮಿಲ್ಸ್. ಅವರ 1994ರ ‘ಸೈಕಲ್ 30’ ತಟ್ಟೆಯಲ್ಲಿ ತಮ್ಮ ಬಾಲವನ್ನು ತಾವೇ ಸೇರುವ ಮುಚ್ಚಿದ ಗೆರೆಗಳಿವೆ; ಸೂಜಿಯನ್ನು ಅಲ್ಲಿಟ್ಟರೆ ನಾವಾಗಿ ಎತ್ತುವವರೆಗೂ ಅದೇ ಆವರ್ತ ಸುತ್ತುತ್ತಲೇ ಇರುತ್ತದೆ. 33⅓ ಸುತ್ತಿನಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು ಹಿಡಿಯುವುದರಿಂದ, ಒಂದು ಸುತ್ತಿನೊಳಗೆ ನಾಲ್ಕು ಪೆಟ್ಟು ಕೂರಿಸಿದರೆ ಲಯ ನಿಮಿಷಕ್ಕೆ ಸುಮಾರು 133 ಪೆಟ್ಟಾಗುತ್ತದೆ. ತಟ್ಟೆಯ ಸುತ್ತೇ ಲಯವನ್ನು ಗೊತ್ತುಮಾಡುವ ಇಂಥ ಕೃತಿಯನ್ನು ಫೈಲಿನ ರೂಪದಲ್ಲಿ ಕೇಳಿ ನಾನು ತೃಪ್ತನಾಗಲಾರೆ.

ಕೊಳ್ಳುವಾಗ ನಾನು ಮೊದಲು ಕೇಳುವುದು ಹಾಡಿನ ಗೆರೆಗಳು ಮುಗಿದ ಮೇಲೆ, ಲೇಬಲ್ಲಿನ ಸುತ್ತ ಉಳಿಯುವ ನುಣುಪು ಜಾಗದಲ್ಲಿ ಕೊರೆದಿರುವ ಅಕ್ಷರಗಳ ಚಿತ್ರವನ್ನು. ಮೂಲ ಮುದ್ರಣ ಯಾವುದು, ಮರುಮುದ್ರಣ ಯಾವುದು ಎಂಬುದನ್ನು ಹೊದಿಕೆಗಿಂತ ಆ ಅಕ್ಷರಗಳು ನಂಬಿಕೆಯಾಗಿ ಹೇಳುತ್ತವೆ. ಡೆಟ್ರಾಯಿಟ್‌ನ ಎಷ್ಟೋ ತಟ್ಟೆಗಳಲ್ಲಿ ಎನ್‌ಎಸ್‌ಸಿ ಎಂಬ ಗುರುತು ಕಾಣುತ್ತದೆ: ಅದು ನ್ಯಾಷನಲ್ ಸೌಂಡ್ ಕಾರ್ಪೊರೇಷನ್ನಿನ ರಾನ್ ಮರ್ಫಿ ಅಚ್ಚಿನ ಮೂಲ ತಟ್ಟೆಯನ್ನು ಕೊರೆದದ್ದು ಎಂಬುದಕ್ಕೆ ಸಾಕ್ಷಿ. ಅವರ ಹೆಸರು ಹಾಡುಗಳ ಜೊತೆ ಕೇಳಿಬರುವುದು ಅಪರೂಪ. ಆದರೆ ಆ ಬೇಸ್‌ನ ಮೈಕಟ್ಟಿನಲ್ಲಿ ಅವರ ಕೈಚಳಕದ ಪಾಲು ದೊಡ್ಡದೆಂದು ನನ್ನ ದೃಢವಾದ ನಂಬಿಕೆ. ಮುದ್ರಣಗಳನ್ನು ತಾಳೆ ನೋಡಲು ನಾನು ನೆಚ್ಚುವ ಡಿಸ್ಕಾಗ್ಸ್ ಎಂಬ ಜಾಲತಾಣ 2000ದಲ್ಲಿ ಶುರುವಾದದ್ದೇ ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿಯಾಗಿ, ಆದ್ದರಿಂದ ಈ ಕ್ಷೇತ್ರದ ವಿವರಗಳು ಅಲ್ಲಿ ತುಂಬ ಆಳವಾಗಿವೆ. ಕಳುಹಿಸುವವರಿಗೆ ನನ್ನ ಕೋರಿಕೆ ಒಂದೇ: ತಟ್ಟೆಯನ್ನು ಹೊದಿಕೆಯಿಂದ ಹೊರತೆಗೆದು, ಒಳಚೀಲದ ಸಮೇತ ಹೊದಿಕೆಯ ಹಿಂದಿಟ್ಟು ಕಟ್ಟಬೇಕು. ಹಾಗೆ ಮಾಡಿದರೆ ದಾರಿಯಲ್ಲಿ ಪೆಟ್ಟಿಗೆ ಎತ್ತಿಹಾಕಿದಾಗ ತಟ್ಟೆಯ ಅಂಚು ಹೊದಿಕೆಯ ಹೊಲಿಗೆಯನ್ನು ಸೀಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಏನನ್ನೂ ತರಿಸುವುದಿಲ್ಲ.

ಮೂರು ಬಗೆಗಳಲ್ಲಿ ನನ್ನ ಮನಸ್ಸು ಹೆಚ್ಚು ನೆಲೆಸಿರುವುದು ಎಲೆಕ್ಟ್ರೋದಲ್ಲಿ. ಹೌಸ್ ಸಂಗೀತದಲ್ಲಿ ದೊಡ್ಡ ಪೆಟ್ಟು ನಾಲ್ಕೂ ಮಾತ್ರೆಗಳ ಮೇಲೆ ಸಮನಾಗಿ ಬೀಳುತ್ತದೆ. ಎಲೆಕ್ಟ್ರೋದಲ್ಲಿ ಅದು ಮುರಿದು, ಸರಿದು, ನಿರೀಕ್ಷಿಸದ ಎಡೆಯಲ್ಲಿ ಬರುತ್ತದೆ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ರಾಗ ಮತ್ತು ಲಯಗಳನ್ನು ಆಧರಿಸಿ 1982ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ‘ಪ್ಲಾನೆಟ್ ರಾಕ್’, ಮರುವರ್ಷ ಡೆಟ್ರಾಯಿಟ್‌ನಲ್ಲಿ ಹುವಾನ್ ಆಟ್ಕಿನ್ಸ್ ಇದ್ದ ಸೈಬೋಟ್ರಾನ್ ತಂಡದ ‘ಕ್ಲಿಯರ್’, ಆಮೇಲೆ ತೊಂಬತ್ತರ ದಶಕದಲ್ಲಿ ಜೇಮ್ಸ್ ಸ್ಟಿನ್ಸನ್ ಮತ್ತು ಜೆರಾಲ್ಡ್ ಡೊನಾಲ್ಡ್ ಅವರ ಡ್ರೆಕ್ಸಿಯಾ ತಂಡದ ಕಡಲಾಳದ ಕಲ್ಪನೆಗಳು, ಹೀಗೆ ನನ್ನ ಕಪಾಟಿನ ಸಾಲು ಸಾಗುತ್ತದೆ. ಸಾಗರದ ಕಡೆಯ ಡೊಳ್ಳು ಬಾರಿಸುವ ಗೆಳೆಯರೊಬ್ಬರಿಗೆ ಇವುಗಳನ್ನು ಕೇಳಿಸಿದಾಗ ಅವರು ಯಂತ್ರದ ಮಾತನ್ನೇ ಎತ್ತಲಿಲ್ಲ. “ಪೆಟ್ಟು ಬಿಟ್ಟ ಜಾಗದಾಗೇ ಕಾಲು ಎದ್ದು ಬರ್ತದಲ್ಲ ಮಾರಾಯ” ಎಂದರು. ಎಲೆಕ್ಟ್ರೋದ ಬಗ್ಗೆ ನಾನು ಕೇಳಿದ ಅತ್ಯಂತ ನಿಖರವಾದ ಮಾತು ಅದು.

ಇನ್ನು ಮಳೆಗಾಲ. ಬೂಷ್ಟು ವಿನೈಲನ್ನು ತಿನ್ನುವುದಿಲ್ಲ. ಕಾಗದ, ದೂಳು ಮತ್ತು ಬೆರಳಿನ ಜಿಡ್ಡು ಅದರ ಆಹಾರ. ಆದ್ದರಿಂದ ಕಾಗದದ ಒಳಚೀಲಗಳನ್ನು ತೆಗೆದು ಪ್ರತ್ಯೇಕವಾಗಿಟ್ಟು, ತಟ್ಟೆಗಳನ್ನು ತೆಳುವಾದ ಪಾಲಿಥೀನ್ ಚೀಲಗಳಿಗೆ ಹಾಕಿದ್ದೇನೆ. ಮೆತ್ತನೆಯ ಪಿವಿಸಿ ಚೀಲಗಳನ್ನು ಬಳಸಬಾರದು, ಏಕೆಂದರೆ ಅವುಗಳ ಎಣ್ಣೆಯಂಶ ತಟ್ಟೆಗೆ ಹತ್ತಿ ಮಂಜಿನಂಥ ಕಲೆಯನ್ನು ಬಿಡುತ್ತದೆ. ಮಣ್ಣಿನ ಗೋಡೆ ಬೆವರುವುದರಿಂದ ಕಬ್ಬಿಣದ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಕೆಳಗಿನ ಖಾಲಿ ಅಂಕಣದಲ್ಲಿ ಒಂದು ಜೀರೋ ಬಲ್ಬು ಹಗಲಿರುಳೂ ಉರಿಯುತ್ತದೆ. ಅದರ ಅಲ್ಪ ಬಿಸಿಯೇ ತೇವವನ್ನು ತಗ್ಗಿಸಲು ಸಾಕು, ಆದರೆ ತಟ್ಟೆ ಬಾಗದಷ್ಟು ದೂರದಲ್ಲಿರಬೇಕು. ಮೂಲೆಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿವೆ. ಅವುಗಳ ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಬಾಣಲೆಯೊಂದರಲ್ಲಿ ಹರಳುಗಳನ್ನು ಸುರಿದು, ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ತುಂಬುತ್ತೇನೆ. ಕಪಾಟಿನೊಳಗಿನ ತೇವಮಾಪಕ ಶೇಕಡ 60ರ ಕೆಳಗಿದ್ದರೆ ನನಗೆ ನೆಮ್ಮದಿ. ಅಡಿಕೆ ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡುವ ಯೋಚನೆ ಯಾರಿಗಾದರೂ ಬಂದರೆ ಬಿಡುವುದು ಒಳ್ಳೆಯದು, ಹೊಗೆಯ ಮಸಿ ಗೆರೆಯೊಳಗೆ ಕೂತರೆ ಬಿಡಿಸುವುದು ಬಹಳ ಕಷ್ಟ. ತೊಳೆಯುವುದಕ್ಕೆ ಇನ್ವರ್ಟರ್ ಬ್ಯಾಟರಿಗೆಂದು ತರುವ ಡಿಸ್ಟಿಲ್ಡ್ ನೀರು, ಮೃದುವಾದ ಬ್ರಷ್, ಗೆರೆಯ ದಿಕ್ಕಿನಲ್ಲೇ ಸಾಗುವ ಕೈ, ಇಷ್ಟೇ ಬೇಕು. ಬಾವಿಯ ನೀರು ಬೇಡ, ಅದರ ಲವಣ ಗೆರೆಯಲ್ಲಿ ಉಳಿಯುತ್ತದೆ. ಇಷ್ಟು ಕಾಪಾಡಿದವರಿಗೆ ಮಳೆಗಾಲ ಒಂದು ಉಪಕಾರವನ್ನೂ ಮಾಡುತ್ತದೆ. ಗಾಳಿಯ ತೇವದಿಂದ ಸ್ಥಿರವಿದ್ಯುತ್ತು ತಗ್ಗಿ, ಬೇಸಿಗೆಯಲ್ಲಿ ಕೇಳಿಸುವ ಚಟಪಟ ಸದ್ದು ಆಗ ಕಡಿಮೆಯಾಗುತ್ತದೆ.

ಕರೆಂಟಿನ ಏರಿಳಿತಕ್ಕೆ ಹೆದರಿ ನಾನು ಕ್ವಾರ್ಟ್ಜ್ ಹರಳು ವೇಗವನ್ನು ಕಾಯುವ, ಬೆಲ್ಟಿಲ್ಲದೆ ಮೋಟಾರು ನೇರವಾಗಿ ತಿರುಗಿಸುವ (ಡೈರೆಕ್ಟ್ ಡ್ರೈವ್) ಟರ್ನ್‌ಟೇಬಲ್ ಆರಿಸಿಕೊಂಡೆ. ಟೆಕ್ನಿಕ್ಸ್ 1979ರಲ್ಲಿ ತಂದ ಎಸ್‌ಎಲ್-1200 ಎಂಕೆ2 ಈ ಜಾತಿಯದು, ಇನ್ವರ್ಟರ್ ಮೇಲಿದ್ದರೂ ಅದರ ವೇಗ ಕದಲುವುದಿಲ್ಲ.

ಈಗ ನಾನು ಹುಡುಕುತ್ತಿರುವುದು ನಮ್ಮ ದೇಶದ್ದೇ ಒಂದು ತಟ್ಟೆ. ಮುಂಬಯಿಯ ಚಿತ್ರಸಂಗೀತದಲ್ಲಿ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಭೈರವಿ, ಮಾಲ್ಕೌನ್ಸ್, ಮೇಘ ಮಲ್ಹಾರ್ ಮುಂತಾದ ಹತ್ತು ರಾಗಗಳನ್ನು ರೋಲಂಡ್‌ನ ಟಿಬಿ-303 ಎಂಬ ಬೇಸ್ ಯಂತ್ರ ಮತ್ತು ಟಿಆರ್-808 ಎಂಬ ಡ್ರಮ್ ಯಂತ್ರಗಳನ್ನಿಟ್ಟುಕೊಂಡು ಡಿಸ್ಕೋ ತಾಳಕ್ಕೆ ನುಡಿಸಿದರು. ಅದೇ ಬಗೆಯ 303 ಯಂತ್ರದಿಂದ ಹೊಮ್ಮಿದ ಶಿಕಾಗೋದ ಪ್ರಸಿದ್ಧ ಹೌಸ್ ರೆಕಾರ್ಡು ‘ಆ್ಯಸಿಡ್ ಟ್ರ್ಯಾಕ್ಸ್’ ಬಂದದ್ದು ಐದು ವರ್ಷ ತಡವಾಗಿ, 1987ರಲ್ಲಿ. ಸಿಂಗ್ ಅವರ ತಟ್ಟೆಯ 2010ರ ಮರುಮುದ್ರಣ ನನ್ನಲ್ಲಿದೆ; ಎಚ್‌ಎಂವಿಯ ಮೂಲ ಮುದ್ರಣಕ್ಕಾಗಿ ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರುಗಳ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹೇಳಿಟ್ಟಿದ್ದೇನೆ, ಬಿಡುವಾದಾಗಲೆಲ್ಲ ಹೋಗಿ ರಾಶಿಗಳನ್ನು ನಾನೇ ತಿರುವಿ ನೋಡುತ್ತಿದ್ದೇನೆ.