ಸುಳ್ಳು ಕಾಲ್ ಅಂತ ಬರೆಯುವ ಮುಂಚೆ

ಕಲಬುರಗಿ ಜಿಲ್ಲೆಯಲ್ಲಿ 112 ತುರ್ತು ಕರೆಗೆ ಓಡುವ ಪೊಲೀಸ್ ಗಾಡಿಯ ಮೇಲೆ ದುಡಿದು ನಿವೃತ್ತನಾದವನು ನಾನು. ಹೊಸದಾಗಿ ಗಾಡಿ ಹತ್ತಿದ ಹುಡುಗರು ಕೇಳುವುದು ಒಂದೇ: "ಸರ, ಈ ಸುಳ್ಳು ಕಾಲಿಗೆ ಏನ್ ಮಾಡ್ಬೇಕ್ರಿ?" ಮೊದಲು ಹೋಗಬೇಕು. ಸುಳ್ಳೋ ಖರೆನೋ ಹೋದ ಮೇಲೆ ತಾನೇ ಗೊತ್ತಾಗೋದು?

ಮಾತೇ ಇಲ್ಲದ ಕಾಲ್‌ನಿಂದ ಶುರು ಮಾಡೋಣ. 2017ರಿಂದ ಮಾರುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕೆಂಬ ನಿಯಮವಿದೆ. ಕೀಪ್ಯಾಡ್ ಫೋನಾದರೆ 5 ಅಥವಾ 9 ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಾದರೆ ಪವರ್ ಬಟನ್ ಮೂರು ಸಲ. ಕೂಸಿನ ಕೈಗೆ ಫೋನ್ ಕೊಟ್ಟರೆ 112ಕ್ಕೆ ಕಾಲ್ ಸುಮ್ನೆ ಹೋಗಿಬಿಡುತ್ತದೆ. ತಿರುಗಿ ಫೋನ್ ಮಾಡಿ. "ಯಾಕ್ ಮಾಡಿದಿ?" ಅಂತ ಗದರಬೇಡಿ. ಹೆಣ್ಣುಮಗಳು ಎತ್ತಿದರೆ, "ಬಾಜೂಕ್ ಯಾರರೆ ನಿಂತಾರೇನ್ರಿ? ಹೂಂ, ಇಲ್ಲ ಅಷ್ಟೇ ಅನ್ರಿ" ಅಂತ ಕೇಳಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ತಾಂಡಾದಿಂದ ಒಂದೇ ನಂಬರಿನ ಕಾಲ್ ಎರಡು ಸಲ ಬಂತು. ಎರಡು ಸಲವೂ ಹೋದೆ. "ತಪ್ಪಿ ಒತ್ತೇದ್ರಿ" ಅಂದಳು ಆ ಮನೆಯ ಹೆಣ್ಣುಮಗಳು. ಮೂರನೇ ಸಲ ಚಾ ಅಂಗಡಿಯಲ್ಲೇ ಕೂತು 'ತಪ್ಪು ಕರೆ' ಅಂತ ಕ್ಲೋಸ್ ಮಾಡಿದೆ. ಮರುದಿನ ಆಕೆ ಮುರಿದ ಕೈಗೆ ಟವೆಲ್ ಸುತ್ತಿಕೊಂಡು ಠಾಣೆಗೆ ಬಂದಳು. "ನೀವ್ ಬಂದಾಗೆಲ್ಲ ಅವ ಬಾಗಲ ಹಿಂದೇ ನಿಂತಿದ್ದ್ರಿ." ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅಂದಿನಿಂದ ಮನೆಯವರನ್ನು ಬೇರೆ ಬೇರೆ ನಿಲ್ಲಿಸಿ ಮಾತಾಡಿಸದೆ ಕಾಲ್ ಕ್ಲೋಸ್ ಮಾಡಿದ್ದಿಲ್ಲ.

ಬೇರೆ ನಂಬರಿಗೆ ಹೋಗಬೇಕಾದ ಕಾಲೂ 112ಕ್ಕೆ ಬರುತ್ತವೆ. ಕರೆಂಟ್ ಹೋಯ್ತು ಅಂದರೆ ಕರೆಂಟಿನವರ ನಂಬರ್ 1912 ಹೇಳಿ. ಆನ್‌ಲೈನಲ್ಲಿ ರೊಕ್ಕ ಹೋಯ್ತು ಅಂದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930 ಹೇಳಿ.

ಕುಡುಕರ ಕಾಲ್ ಬೇರೆ ತರಹ. "ಕೊಲಿ ಆಗ್ಯಾದ್ರಿ" ಅಂತ ಕೇಳಿ ಓಡಿ ಹೋದರೆ ಕೊಲೆಯಾದದ್ದು ಅವನ ಕೋಳಿ! ಸಿಟ್ಟು ಬರುತ್ತದೆ, ಬರಲಿ. ಕೈ ಮಾತ್ರ ಎತ್ತಬೇಡಿ. ಓಣಿಯವರೆಲ್ಲ ನೋಡುತ್ತಿರುತ್ತಾರೆ. ನಾಳೆ ಖರೆ ಕೊಲೆಯಾದರೂ ಯಾರೂ ಫೋನ್ ಮಾಡಲ್ಲ. ರಾತ್ರಿ ಹೆಸರು, ನಂಬರ್, ಹೊತ್ತು ಬರೆದುಕೊಳ್ಳಿ. ನಶೆ ಇಳಿದ ಮೇಲೆ ಕರೆಸಿ. ಅವರವ್ವ ಜೊತೆಗಿದ್ದರೆ ಅರ್ಧ ಕೆಲಸ ಆಕೆಯೇ ಮಾಡುತ್ತಾಳೆ.

ಬೇಕಂತಲೇ, ಮತ್ತೆ ಮತ್ತೆ ಮಾಡುವವನಿಗೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಇದೆ. ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಸುಳ್ಳು ಅಂತ ಗೊತ್ತಿದ್ದೇ ಹೇಳಿರಬೇಕು. ಹೆದರಿ, ತಪ್ಪು ತಿಳಿದು ಮಾಡಿದವನಿಗೆ ಇದು ಹತ್ತುವುದಿಲ್ಲ. ಸುಳ್ಳು ಹೇಳಿಸಿಕೊಂಡ ಅಧಿಕಾರಿ, ಅವರ ಮೇಲಿನವರು, ಇಲ್ಲವೇ ಆ ಅಧಿಕಾರಿ ಒಪ್ಪಿಗೆ ಕೊಟ್ಟ ಇನ್ನೊಬ್ಬ ಅಧಿಕಾರಿ ಬರೆದು ಕೊಟ್ಟ ದೂರಿಲ್ಲದೆ ಕೋರ್ಟೂ ಕೇಸ್ ತೆಗೆದುಕೊಳ್ಳಲ್ಲ. ಹಳೆಯ ಕಾಲ್‌ಗಳನ್ನು ನೆಟ್ಟಗೆ ಬರೆದಿಡಿ ಅನ್ನೋದು ಇದಕ್ಕೇ.

ಇನ್ನು ಒಬ್ಬಂಟಿ ಮುದುಕರು. ಒಬ್ಬ ಆಯಿ ನಡುರಾತ್ರಿ "ಕಳ್ಳ ಬಂದಾನ" ಅನ್ನುತ್ತಿದ್ದಳು. ನೋಡಿದರೆ ಬಾಜೂ ಪಾಳು ಮನೆಯ ತಗಡು ಗಾಳಿಗೆ ಬಡಿಯುತ್ತಿತ್ತು. ತಂತಿ ಹಾಕಿ ಬಿಗಿದು ಬಂದೆ. ಹದಿನೈದು ದಿನ ಸುಮ್ಮನಿದ್ದಳು. ಮತ್ತೆ ಕಾಲ್. ಹೋದರೆ ಕಳ್ಳನೂ ಇಲ್ಲ, ಸದ್ದೂ ಇಲ್ಲ. "ಚಾ ಕುಡೀತಿಯೇನೋ ಯಪ್ಪಾ?" ಅಂದಳು. ಕುಡಿದೆ. 112 ಬೇಡ, ಇದಕ್ಕೆ ಮಾಡು ಅಂತ ನನ್ನ ನಂಬರ್ ಕೊಟ್ಟೆ. ಈಗಲೂ ದಿನಾ ಸಂಜೆ ಏಳಕ್ಕೆ ಮಾಡುತ್ತಾಳೆ. ರಿಟೈರ್ ಆಗೀನಿ ಅಂದರೂ ಕೇಳಲ್ಲ.