ಜೇಡದ ಮೇಲೆ ತಪ್ಪು ಹೊರಿಸುವ ಮುನ್ನ

ಮಳೆಗಾಲದಲ್ಲಿ ಯಾರ ಮೈಮೇಲೆ ಗುಳ್ಳೆ ಎದ್ದರೂ ನಮ್ಮ ಮಲೆನಾಡಿನ ಮನೆಗಳಲ್ಲಿ ಬರುವ ಮೊದಲ ಮಾತು, ‘ಜೇಡ ಉಚ್ಚೆ ಹೊಯ್ದಿರಬೇಕು.’ ಪಾಪದ ಜೇಡ! ಬಹುಪಾಲು ಅದು ಆ ಕಡೆ ಸುಳಿದೂ ಇರುವುದಿಲ್ಲ.

ಮನೆಯೊಳಗಿನ ಜೇಡಗಳನ್ನು ಮೊದಲು ಗುರುತು ಮಾಡಿಕೊಳ್ಳಿ. ಬಚ್ಚಲುಮನೆಯ ಗೋಡೆಗೆ ಅಂಗೈಯಗಲ ಅಂಟಿಕೊಂಡಿದ್ದು, ದೀಪ ಹಾಕಿದೊಡನೆ ಅಡ್ಡಡ್ಡ ಓಡುವ ಕಂದು ಜೇಡ ಕಂಡರೆ ಎಲ್ಲರೂ ಕಿರುಚುತ್ತಾರೆ. ಅದು ಬಲೆ ಕಟ್ಟುವುದಿಲ್ಲ, ಜಿರಲೆ ಹಿಡಿದು ತಿಂದು ಬದುಕುತ್ತದೆ. ಹೊಟ್ಟೆಯಡಿ ಬಿಳಿ ಬಿಲ್ಲೆ ಅವಚಿಕೊಂಡಿದ್ದರೆ ಅದು ಮೊಟ್ಟೆಯ ಚೀಲ, ಆಗಂತೂ ಕೆಣಕಲೇಬೇಡಿ. ಕೈಗೆ ಸಿಕ್ಕಿ ಅದುಮಿದರೆ ಕಚ್ಚೀತು; ಜೇನು ಹೊಡೆದಷ್ಟು ಉರಿ, ಅಷ್ಟೆ. ಸೂರಿನ ಮೂಲೆಯಲ್ಲಿ ಉದ್ದುದ್ದ ಸಪೂರ ಕಾಲಿನದು, ಮುಟ್ಟಿದರೆ ಬಲೆಸಮೇತ ಗಡಗಡ ಅಲುಗುವುದು, ಏನೂ ಮಾಡದು. ಕಿಟಕಿಯಲ್ಲಿ ಕುಪ್ಪಳಿಸಿ, ತಿರುಗಿ ನಮ್ಮನ್ನೇ ದಿಟ್ಟಿಸುವ ಪುಟಾಣಿಯೂ ಹಾಗೇ.

ಕಣ್ಣಿಡಬೇಕಾದವು ಬೇರೆ. ಉಗುರಿನಷ್ಟೇ ಇರುವ ತಿಳಿಹಳದಿ ಜೇಡ ಗೋಡೆಯ ಮೂಲೆಯಲ್ಲೋ ಮಡಿಸಿದ ಎಲೆಯಲ್ಲೋ ಚೀಲ ನೇಯ್ದು ಹಗಲೆಲ್ಲ ಒಳಗಿದ್ದು, ರಾತ್ರಿ ಅಲೆಯುತ್ತದೆ. ಬಟ್ಟೆ ಮಡಿಕೆಯಲ್ಲಿ ಸಿಕ್ಕಿ ಕಚ್ಚಿದರೆ ಚೆನ್ನಾಗಿಯೇ ಉರಿದು ಊದುತ್ತದೆ. ಮರದ ಪೊಟರೆಯಲ್ಲಿರುವ, ಮೈತುಂಬ ರೋಮದ ಟ್ಯಾರಂಟುಲಾ ಜಡಿಮಳೆಗೆ ಒಮ್ಮೊಮ್ಮೆ ಜಗಲಿಗೆ ಬರುತ್ತದೆ. ಅದು ಕಚ್ಚಿದರೆ ನೋವಿನ ಜೊತೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಗುಂಡನೆಯ ಮಿರಿಮಿರಿ ಕಪ್ಪು ಹೊಟ್ಟೆ, ಮೇಲೆ ಕೆಂಪು ಗುರುತು ಇರುವ ವಿಡೋ ಜೇಡ ನಮ್ಮ ದೇಶದಲ್ಲೂ ಇದೆ, ಆದರೆ ಅಪರೂಪ. ಇನ್ನು ವಾಟ್ಸಾಪಿನಲ್ಲಿ ಕೊಳೆತ ಗಾಯದ ಫೋಟೊ ಸಮೇತ ಓಡಾಡುವ, ಬೆನ್ನ ಮೇಲೆ ಪಿಟೀಲಿನ ಗುರುತಿರುವ ಬ್ರೌನ್ ರಿಕ್ಲೂಸ್ ಅಮೆರಿಕದ್ದು. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಗುಳ್ಳೆ ಎಲ್ಲಿಂದ ಬಂತು? ರಾತ್ರಿ ಟ್ಯೂಬ್‌ಲೈಟಿಗೆ ಬರುವ ಹುಳುಗಳ ನಡುವೆ ಕಿತ್ತಳೆ-ಕಪ್ಪು ಪಟ್ಟೆಯ, ಇರುವೆಯ ಆಕಾರದ ಒಂದು ಹುಳು ಇರುತ್ತದೆ. ಕಚ್ಚುವುದಿಲ್ಲ. ಕತ್ತಿನ ಮೇಲೆ ಕೂತಾಗ ನಾವೇ ಹೊಡೆದು ಉಜ್ಜುತ್ತೇವೆ, ಅದರ ಮೈಯ ರಸ ಚರ್ಮ ಸುಡುತ್ತದೆ. ಗೆರೆ ಎಳೆದ ಹಾಗೆ ಕೆಂಪು, ಮೇಲೆ ಗುಳ್ಳೆ. ಅದೂ ಮಾರನೆಯ ದಿನ, ಹುಳುವಿನ ನೆನಪು ಹೋದ ಮೇಲೆ. ಮೈಮೇಲೆ ಕೂತರೆ ಊದಿ ಹಾರಿಸಿ, ಆ ಜಾಗವನ್ನು ಸೋಪು ಹಾಕಿ ತೊಳೆಯಿರಿ, ಕೈ ಕಣ್ಣಿಗೆ ತಾಗಿಸಬೇಡಿ. ಮೊದಲೇ ನೋವು ಶುರುವಾಗಿ, ಆಮೇಲೆ ಸೊಂಟದ ಅಥವಾ ಎದೆಯ ಒಂದೇ ಪಕ್ಕಕ್ಕೆ ಗೊಂಚಲು ಗುಳ್ಳೆ ಬಂದರೆ ಅದು ಸರ್ಪಸುತ್ತು. ಕೆಮ್ಮಣ್ಣು ಹಚ್ಚಿಸುತ್ತಾ ಕೂರಬೇಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಡಾಕ್ಟರು ಕೊಡುವ ಮಾತ್ರೆ ಶುರುಮಾಡಿದರೆ ಗುಣ ಹೆಚ್ಚು.

ನಿಜವಾಗಿ ಜೇಡವೇ ಕಚ್ಚಿದೆ ಅನ್ನಿ. ಸೋಪು-ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟು ತೆಗೆಯಿರಿ, ಮತ್ತೆ ಇಡಿ. ಕೈಕಾಲಾದರೆ ಎತ್ತರಿಸಿಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ಸುಣ್ಣ ಬೇಡ, ಬ್ಲೇಡಿನಲ್ಲಿ ಗೀರುವುದು ಬೇಡ, ಹಗ್ಗ ಬಿಗಿಯುವುದಂತೂ ಬೇಡವೇ ಬೇಡ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತೆಂದು ಡಾಕ್ಟರಿಗೆ ಹೇಳಿ. ಹೊಟ್ಟೆ ಸೆಳೆತ, ಬೆವರು, ಮುಖ ಊತ, ಉಸಿರಿಗೆ ಕಷ್ಟ, ಇಲ್ಲವೇ ಗಾಯದ ನಡು ಕಪ್ಪಾಗುವುದು ಕಂಡರೆ ಮನೆಮದ್ದಿನ ಮಾತೇ ಇಲ್ಲ, ಆಸ್ಪತ್ರೆಗೆ ಹೊರಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ನೆಲದ ಮೇಲೆ ಮಲಗಿದ್ದವರು ರಾತ್ರಿ ಎದ್ದು ‘ಏನೋ ಚುಚ್ಚಿದ ಹಾಗಾಯ್ತು’ ಅಂದರೆ ಜೇಡ ಅಂತ ಸಮಾಧಾನ ಹೇಳಿ ಮಲಗಿಸಬಾರದು. ಅದು ವಿಷದ ಕಟ್ಟುಹಾವೂ ಇರಬಹುದು. ಕಟ್ಟುಹಾವು ಕಚ್ಚಿದರೆ ಊತ ಇಲ್ಲ, ನೋವು ಇಲ್ಲವೆನ್ನುವಷ್ಟು ಕಡಿಮೆ. ಗುರುತು ಕಾಣದೆಯೂ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಶುರುವಾಗುವವರೆಗೆ ಕಾಯಲೇಬೇಡಿ. ಅನುಮಾನ ಬಂದೊಡನೆ 108ಕ್ಕೆ ಫೋನ್ ಮಾಡಿ, ನಡೆಸದೆ ಕರೆದೊಯ್ಯಿರಿ.

ಉಳಿದದ್ದು ದಿನದ ಅಭ್ಯಾಸ. ಸೌದೆ, ಸಿಪ್ಪೆರಾಶಿಗೆ ಬರಿಗೈ ಹಾಕಬೇಡಿ. ಶೂ, ರೇನ್‌ಕೋಟು, ಒಳಗೆ ಒಣಹಾಕಿದ ಟವೆಲು ಕೊಡವಿ ಬಳಸಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ದೊಡ್ಡ ಜೇಡ ಒಳಗೆ ಬಂದರೆ ಪೊರಕೆ ಬೇಡ. ಅಗಲ ಬಾಯಿಯ ಡಬ್ಬಿ ಬೋರಲು ಹಾಕಿ, ಕೆಳಗಿನಿಂದ ಲಗ್ನಪತ್ರಿಕೆಯೊಂದನ್ನು ತೂರಿಸಿ ಹಿತ್ತಲಿಗೆ ಬಿಟ್ಟು ಬನ್ನಿ. ಈಗಿನ ಪತ್ರಿಕೆಗಳು ದಪ್ಪ, ಬಾಗುವುದಿಲ್ಲ.